ಗಲ್ಲಾಪೆಟ್ಟಿಗೆಯ ಮಾತ್ರೆಗಳು ಮತ್ತು ನನ್ನ ಎಂಡೋಸ್ಕೋಪಿ

ಮುಂಬಯಿಯ ಮಾಟುಂಗಾದ ನಮ್ಮ ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಚಿಲ್ಲರೆಯ ಪಕ್ಕ ಎರಡು ಬಗೆಯ ಮಾತ್ರೆಗಳಿರುತ್ತಿದ್ದವು. ಮೊಣಕಾಲು ನೋವಿಗೆ ಡೈಕ್ಲೊಫೆನಾಕ್, ಎದೆಯುರಿಗೆ ಪ್ಯಾಂಟೊಪ್ರಜೋಲ್. ಮೊದಲನೆಯದು ಹೊಟ್ಟೆಗೆ ಮಾಡಿದ ಕೇಡನ್ನು ಎರಡನೆಯದು ಸರಿಪಡಿಸುತ್ತದೆಂಬ ಲೆಕ್ಕ ನನ್ನದು. ಆದರೆ ಮೊದಲನೆಯದನ್ನು ದಿನವೂ ನುಂಗುತ್ತಿದ್ದೆ, ಎರಡನೆಯದನ್ನು ಉರಿ ಹತ್ತಿದಾಗ ಮಾತ್ರ.

ಕುಂದಾಪುರದಿಂದ ಬಂದು ಮೂವತ್ತು ವರ್ಷ ಹೋಟೆಲಿನಲ್ಲಿ ನಿಂತವನಿಗೆ ಊಟದ ಹೊತ್ತು ಎಂಬುದಿಲ್ಲ. ಗಿರಾಕಿಗಳು ಉಂಡೆದ್ದ ಮೇಲೆ, ಮೂರೂವರೆಗೋ ನಾಲ್ಕಕ್ಕೋ ನಮ್ಮ ಮಧ್ಯಾಹ್ನ. ರಾತ್ರಿ ಎರಡು ಗಂಟೆಗೆ ಹೊಟ್ಟೆ ಕೊರೆದು ಎಚ್ಚರವಾಗುತ್ತಿತ್ತು. ಎದ್ದು ಎರಡು ಬಿಸ್ಕತ್ತು ತಿಂದರೆ ಶಮನ. ಅದನ್ನು ಹಸಿವು ಎಂದೇ ತಿಳಿದಿದ್ದೆ. ಹೆಂಡತಿಯ ಒತ್ತಾಯಕ್ಕೆ ಒಮ್ಮೆ ಸೋನೋಗ್ರಫಿ ಮಾಡಿಸಿದ್ದೆ. ಎಲ್ಲವೂ ಸರಿಯಿದೆ ಎಂಬ ವರದಿಯನ್ನು ಊರಿಗೆಲ್ಲ ತೋರಿಸಿದೆ. ಸೋನೋಗ್ರಫಿ ಪಿತ್ತಕೋಶದ ಕಲ್ಲನ್ನು, ಯಕೃತ್ತನ್ನು ತೋರಿಸುತ್ತದೆಯೇ ಹೊರತು ಜಠರದ ಒಳಪದರದ ಹುಣ್ಣನ್ನು ತೋರಿಸುವುದು ಅದರ ಕೆಲಸವಲ್ಲ ಎಂದು ನನಗೆ ಆಗ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಒಂದು ಸಂಜೆ ದಾದರ್ ನಿಲ್ದಾಣದ ಸೇತುವೆ ಹತ್ತುವಾಗ ಅರ್ಧದಲ್ಲೇ ಉಸಿರು ನಿಂತಂತಾಗಿ ಕಂಬಿ ಹಿಡಿದುಕೊಂಡೆ. ಮರುದಿನ ಮಲ ಡಾಂಬರಿನಂತೆ ಕಪ್ಪಗೆ, ಅಂಟಂಟಾಗಿ, ಹೇಳಲಾಗದ ವಾಸನೆಯೊಂದಿಗೆ ಬಂತು. ಇಂಥದ್ದನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಈ ಸಂಕೋಚದಿಂದಲೇ ನಾನು ಎರಡು ದಿನ ಬಾಯಿ ಬಿಡದೆ ಕಳೆದದ್ದು.

ನಮ್ಮ ಪರಿಚಯದ ವೈದ್ಯರು ಕೇಳಿದ ಮೊದಲ ಪ್ರಶ್ನೆ: ‘ಕಬ್ಬಿಣಾಂಶದ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?’ ಅದರಿಂದಲೂ ಮಲ ಕಪ್ಪಾಗುತ್ತದಂತೆ. ಇಲ್ಲ ಎಂದೆ. ಹಾಗಿದ್ದರೆ ಅದು ರಕ್ತ, ಮೇಲಿನಿಂದ ಇಳಿಯುವಾಗ ಜೀರ್ಣವಾಗಿ ಕಪ್ಪಾದ ರಕ್ತ ಎಂದು ಅಂದೇ ಆಸ್ಪತ್ರೆಗೆ ಕಳುಹಿಸಿದರು. ಹಿಮೊಗ್ಲೋಬಿನ್ 8.4ಕ್ಕೆ ಇಳಿದಿತ್ತು. ಸೇತುವೆಯ ಮೆಟ್ಟಿಲಿನ ರಹಸ್ಯ ಅಲ್ಲಿ ಒಡೆಯಿತು.

ಬಾಯಿಯಿಂದ ಕ್ಯಾಮೆರಾದ ನಳಿಕೆ ಇಳಿಸಿ ಹೊಟ್ಟೆಯೊಳಗೆ ನೋಡುವ ಎಂಡೋಸ್ಕೋಪಿ ಮರುದಿನ ಬೆಳಿಗ್ಗೆ. ಆರೆಂಟು ಗಂಟೆ ಹೊಟ್ಟೆ ಖಾಲಿ ಇರಬೇಕು. ನಿದ್ದೆಯ ಇಂಜೆಕ್ಷನ್ ಬೇಕೇ, ಗಂಟಲಿಗೆ ಸ್ಪ್ರೇ ಸಾಕೇ ಎಂದು ಕೇಳಿದರು. ಟಿವಿಯಲ್ಲಿ ನನ್ನ ಹೊಟ್ಟೆಯನ್ನು ನಾನೇ ನೋಡಬೇಕೆಂಬ ಹುಚ್ಚಿಗೆ ಸ್ಪ್ರೇ ಎಂದೆ. ಕಹಿ ಸ್ಪ್ರೇ ಬಿದ್ದೊಡನೆ ಗಂಟಲು ನನ್ನದಲ್ಲವೆನಿಸಿತು. ಎಡಮಗ್ಗುಲಿಗೆ ಮಲಗಿಸಿ ಹಲ್ಲುಗಳ ನಡುವೆ ಪ್ಲಾಸ್ಟಿಕ್ ಬಳೆಯೊಂದನ್ನು ಇಟ್ಟರು. ಕಿರುಬೆರಳಿನಷ್ಟು ದಪ್ಪದ ನಳಿಕೆ. ‘ನುಂಗಿ’ ಎಂದಾಗ ಎರಡು ಬಾರಿ ಜೋರಾಗಿ ಓಕರಿಕೆ ಬಂತು, ಕಣ್ಣಲ್ಲಿ ನೀರು. ನೋವಿಲ್ಲ, ಆದರೆ ಉಸಿರು ಕಟ್ಟೀತು ಎಂಬ ಭಯ ನಿಜ. ಉಸಿರಿನ ದಾರಿಯೇ ಬೇರೆ, ಮೂಗಿನಿಂದ ನಿಧಾನ ಎಳೆಯಿರಿ ಎಂದು ನರ್ಸ್ ಹೆಗಲ ಮೇಲೆ ಕೈಯಿಟ್ಟು ಮರಾಠಿಯಲ್ಲಿ ಹೇಳುತ್ತಲೇ ಇದ್ದರು. ಟಿವಿ ನೋಡುವ ಹುಮ್ಮಸ್ಸು ಎಲ್ಲಿ ಹೋಯಿತೋ, ನಾನು ಕಣ್ಣು ಮುಚ್ಚಿಯೇ ಇದ್ದೆ. ಒಳಗೆ ಗಾಳಿ ತುಂಬಿದ್ದರಿಂದ ಸಂಕೋಚವಿಲ್ಲದೆ ತೇಗಿದೆ. ಐದಾರು ನಿಮಿಷದಲ್ಲಿ ಮುಗಿಯಿತು. ನಿದ್ದೆಯ ಇಂಜೆಕ್ಷನ್ ಪಡೆದ ಪಕ್ಕದ ಹಾಸಿಗೆಯವರಿಗೆ ಏನೂ ನೆನಪಿರಲಿಲ್ಲ. ಆದರೆ ಅವರು ಮನೆಗೆ ಹೋಗಲು ಜೊತೆಗೊಬ್ಬರು ಬೇಕಿತ್ತು. ಇನ್ನೊಮ್ಮೆ ಮಾಡಿಸುವುದಾದರೆ ನಾನೂ ಇಂಜೆಕ್ಷನ್ನೇ ಕೇಳುತ್ತೇನೆ.

ಜಠರ ಮುಗಿದು ಸಣ್ಣಕರುಳು ಆರಂಭವಾಗುವಲ್ಲಿ ಹುಣ್ಣಿತ್ತು. ರಕ್ತ ತಾನಾಗಿಯೇ ನಿಂತಿತ್ತು. ರಕ್ತನಾಳ ಬಾಯ್ತೆರೆದಿದ್ದರೆ ಅದೇ ನಳಿಕೆಯ ಮೂಲಕ ಕ್ಲಿಪ್ ಹಾಕಿ ಮುಚ್ಚುತ್ತಿದ್ದರಂತೆ. ಜಠರದಿಂದ ಸಾಸಿವೆ ಗಾತ್ರದ ಚೂರುಗಳನ್ನು ಚಿವುಟಿ ತೆಗೆದದ್ದು ನನಗೆ ತಿಳಿಯಲೇ ಇಲ್ಲ. ಒಂದನ್ನು ಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ಹಳದಿ ಜೆಲ್‌ಗೆ ಹಾಕಿದರು. ಇದ್ದರೆ ಅದು ಗುಲಾಬಿ ಬಣ್ಣಕ್ಕೆ ತಿರುಗಬೇಕು, ತಿರುಗಲಿಲ್ಲ. ನಾನು ಹಿಗ್ಗಿದೆ, ವೈದ್ಯರು ಹಿಗ್ಗಲಿಲ್ಲ. ರಕ್ತಸ್ರಾವವಾಗಿರುವಾಗ, ಪ್ಯಾಂಟೊಪ್ರಜೋಲ್ ಹೊಟ್ಟೆಯಲ್ಲಿರುವಾಗ ಈ ಪರೀಕ್ಷೆ ಸುಳ್ಳಾಗಿ ‘ಇಲ್ಲ’ ಎನ್ನಬಹುದು ಎಂದರು. ವಾರದ ನಂತರ ಉಳಿದ ಚೂರುಗಳ ಬಯಾಪ್ಸಿ ವರದಿ ‘ಇದೆ’ ಎಂದಿತು. ಬ್ಯಾರಿ ಮಾರ್ಷಲ್ ಎಂಬ ಆಸ್ಟ್ರೇಲಿಯಾದ ವೈದ್ಯರು 1984ರಲ್ಲಿ ಈ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆಯ ಉರಿಯೂತ ತರಿಸಿಕೊಂಡರಂತೆ, 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ನಾನು ಕುಡಿಯದೆಯೇ ತರಿಸಿಕೊಂಡಿದ್ದೆ, ಮೇಲೆ ಡೈಕ್ಲೊಫೆನಾಕ್ ಬೇರೆ.

ಹದಿನಾಲ್ಕು ದಿನ ಆ್ಯಂಟಿಬಯೋಟಿಕ್, ಬಾಯೆಲ್ಲ ಲೋಹದ ರುಚಿ.

ನನ್ನ ಕಥೆ ಕೇಳಿ ಹೆದರಿದ ನಮ್ಮ ಮಾಣಿ, ಇಪ್ಪತ್ತಾರರ ಹುಡುಗ, ತನಗೂ ಎದೆಯುರಿಯಿದೆ, ನಳಿಕೆ ಹಾಕಿಸುತ್ತೇನೆಂದು ಹಟ ಹಿಡಿದ. ಅದೇ ವೈದ್ಯರು ಅವನಿಗೆ ಬೇಡವೆಂದರು. ನುಂಗುವಾಗ ಅನ್ನ ಸಿಕ್ಕಿಕೊಳ್ಳುತ್ತದೆಯೇ, ತೂಕ ಇಳಿದಿದೆಯೇ, ವಾಂತಿ ನಿಲ್ಲದೆ ಆಗುತ್ತಿದೆಯೇ, ರಕ್ತ ಕಂಡಿತೇ, ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಇತ್ತೇ ಎಂದು ಒಂದೊಂದಾಗಿ ಕೇಳಿ, ಎಲ್ಲಕ್ಕೂ ಇಲ್ಲ ಎಂದ ಮೇಲೆ ಅದೇ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಲು ಮಲ ಪರೀಕ್ಷೆಯನ್ನಷ್ಟೇ ಬರೆದುಕೊಟ್ಟರು. ಇದೇ ಎದೆಯುರಿ ನಡುವಯಸ್ಸು ದಾಟಿದವರಿಗೆ ಹೊಸದಾಗಿ ಶುರುವಾದರೆ ಮಾತು ಬೇರೆಯಂತೆ. ಉರಿ ಎಷ್ಟು ಜೋರು ಎಂದು ಅವರು ಕೇಳಲೇ ಇಲ್ಲ. ನನ್ನ ಉರಿಯಾದರೂ ರಕ್ತ ಹೋಗುವ ವಾರದಲ್ಲಿ ಹೆಚ್ಚೇನೂ ಇರಲಿಲ್ಲ.

ಔಷಧಿ ಮುಗಿದು ಆರು ವಾರಕ್ಕೆ ಉಸಿರಿನ ಪರೀಕ್ಷೆ. ಅದಕ್ಕೆ ಮುಂಚೆ ಎರಡು ವಾರ ಪ್ಯಾಂಟೊಪ್ರಜೋಲ್ ಮುಟ್ಟುವಂತಿಲ್ಲ. ಚೀಲಕ್ಕೆ ಊದಿದೆ, ಬ್ಯಾಕ್ಟೀರಿಯಾ ಹೋಗಿತ್ತು. ಮೊಣಕಾಲು ನೋವು ಮಾತ್ರ ಹಾಗೆಯೇ ಇದೆ. ಗಲ್ಲಾಪೆಟ್ಟಿಗೆಯ ಹಿಂದೆ ಈಗ ಒಂದು ಎತ್ತರದ ಸ್ಟೂಲ್ ಹಾಕಿಸಿಕೊಂಡಿದ್ದೇನೆ.