ಪಿಕಪ್‌ನ ವಾಟರ್ ಪಂಪ್ ಹೋಯ್ತಾ? ಮನೆಯಂಗಳದಲ್ಲೇ ಬದಲಿಸಬಹುದು

ದೇವಿಮನೆ ಘಟ್ಟ ಹತ್ತುವಾಗ ಹೀಟ್ ಮುಳ್ಳು ಮೇಲೇರತೊಡಗಿದರೆ ಎದೆ ಧಸಕ್ಕೆನ್ನುತ್ತದೆ. ಕಳೆದ ಮೇ ತಿಂಗಳಲ್ಲಿ ನನಗೆ ಹಾಗೇ ಆಯ್ತು. ತೆಂಗಿನ ಮರಗಳಿಗೆ ಅಂತ ಸಾಣಿಕಟ್ಟೆಯ ಉಪ್ಪಿನ ಚೀಲ ಹೇರಿಕೊಂಡು ಕುಮಟೆ ಕಡೆಯಿಂದ ಶಿರಸಿಗೆ ಬರುತ್ತಿದ್ದೆ. ಗಾಡಿ 16 ವರ್ಷ ಹಳೆಯ ಪಿಕಪ್. ಅರ್ಧ ಘಟ್ಟದಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿತು, ಬಾನೆಟ್ ಸಂದಿಯಿಂದ ಹಬೆ ಬಂತು. ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದೆ. ಹಿಂದೆ ಬಂದ ಲಾರಿಯವರು ಪಾಪ, ನೀರಿನ ಕ್ಯಾನ್ ಹಿಡಿದೇ ಇಳಿದರು. "ಎಂಜಿನ್ ಮೇಲೆ ಸುರೀಬೇಡಿ ಅಣ್ಣಾ" ಅಂದೆ. ಕಾದ ಎಂಜಿನ್ನಿಗೆ ತಣ್ಣೀರು ಬಿದ್ದರೆ ಹೆಡ್ (ಎಂಜಿನ್ನಿನ ಮೇಲ್ಭಾಗ) ಸೀಳು ಬಿಡಬಹುದು. ಒಂದೂವರೆ ತಾಸು ಕಾದು, ಪೂರ್ತಿ ತಣಿದ ಮೇಲೆ ನೀರು ತುಂಬಿ, ನಿಂತು ನಿಂತು ಮನೆ ಮುಟ್ಟಿದೆ.

ಹೋಗಿದ್ದು ವಾಟರ್ ಪಂಪ್, ಅಂದರೆ ಎಂಜಿನ್ ಮತ್ತು ರೇಡಿಯೇಟರ್ ನಡುವೆ ನೀರು ಸುತ್ತಿಸುವ ಪಂಪ್. ಅದನ್ನು ಅಂಗಳದಲ್ಲೇ ಬದಲಿಸಿದೆ. ಪಾನಾ ಹಿಡಿದು ಅಭ್ಯಾಸ ಇದ್ದವರಿಗೆ ಇದು ಒಂದು ದಿನದ ಕೆಲಸ. ಆದರೆ ಒಂದು ವಿಷಯ ಮೊದಲೇ ನೋಡಿಕೊಳ್ಳಿ. ಫ್ಯಾನ್ ಬೆಲ್ಟಿನಿಂದ ತಿರುಗುವ, ಎಂಜಿನ್ ಮುಂದೆ ಕಣ್ಣಿಗೆ ಕಾಣುವ ಪಂಪಾದರೆ ಮಾತ್ರ ಕೈ ಹಾಕಿ. ಕೆಲವು ಎಂಜಿನ್ನುಗಳಲ್ಲಿ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುತ್ತದೆ. ಅಲ್ಲಿ ಒಂದು ಹಲ್ಲು ಆಚೀಚೆ ಆದರೂ ಎಂಜಿನ್ನಿಗೇ ಪೆಟ್ಟು. ಅದು ಗ್ಯಾರೇಜಿನ ಕೆಲಸ.

ನಿಜಕ್ಕೂ ಪಂಪೇ ಹೋಗಿದೆಯಾ?

ಗಾಡಿ ಹೀಟ್ ಆದ ಕೂಡಲೇ ಪಂಪ್ ತರಲು ಓಡಬೇಡಿ. ರಾತ್ರಿ ಗಾಡಿಯ ಮುಂಭಾಗದ ಅಡಿಗೆ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ರೇಡಿಯೇಟರ್ ಅಡಿಗೆ ಬಿದ್ದಿದ್ದರೆ ರೇಡಿಯೇಟರ್ ಅಥವಾ ಕೆಳಗಿನ ಹೋಸ್ ಪೈಪ್ ಮೇಲೆ ಅನುಮಾನ. ಸ್ವಲ್ಪ ಹಿಂದೆ, ಬೆಲ್ಟ್ ಇರುವಲ್ಲಿ ಬಿದ್ದಿದ್ದರೆ ಪಂಪಿನ ಮೇಲೆ.

ಈಗ ಟಾರ್ಚ್ ಹಿಡಿದು ಪಂಪಿನ ಹೊಟ್ಟೆಯ ಅಡಿಗೆ ನೋಡಿ. ಪುಲ್ಲಿಯ ಹಿಂದೆ, ಬೆಂಕಿಕಡ್ಡಿ ಹೋಗುವಷ್ಟು ಸಣ್ಣ ತೂತು ಇರುತ್ತದೆ. ನಮ್ಮ ಗಾಡಿಯಲ್ಲಿ ಆ ತೂತಿನಿಂದ ಕೆಳಗೆ ಕೆಂಪು ತುಕ್ಕಿನ ಗೆರೆ ಇಳಿದಿತ್ತು, ಗೋಡೆಯ ಮೇಲೆ ಮಳೆನೀರು ಇಳಿದ ಹಾಗೆ. ಅಣ್ಣನ ಮಗ ಬಗ್ಗಿ ನೋಡಿ "ಅಪ್ಪಚ್ಚಿ, ಈ ತೂತು ಎಂತಕ್ಕೆ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಪಂಪಿನ ಒಳಗೆ ಒಂದು ಕಡೆ ನೀರು, ಇನ್ನೊಂದು ಕಡೆ ಬೇರಿಂಗ್. ನಡುವೆ ಒಂದು ಸೀಲ್. ಸೀಲ್ ಸವೆದು ನೀರು ದಾಟಿದರೆ ಅದು ಬೇರಿಂಗ್ ಮುಟ್ಟುವ ಮೊದಲು ಹೊರಗೆ ಹೋಗಲಿ ಅಂತ ಈ ದಾರಿ ಬಿಟ್ಟಿರುತ್ತಾರೆ. ಅಂದರೆ ಸೀಲ್ ಹೋಗಿದೆ ಅಂತ ಪಂಪು ನಮಗೆ ಹೇಳುವುದೇ ಈ ತೂತಿನಿಂದ. ಅದಕ್ಕೆ ಪುಟ್ಟಿ ಮೆತ್ತಿ ಮುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಬೇರಿಂಗಿಗೆ ಹೋಗಿ, ಅದು ಒಡೆದು, ಫ್ಯಾನ್ ಹೋಗಿ ರೇಡಿಯೇಟರಿಗೇ ಬಡಿಯಬಹುದು.

ಇನ್ನೊಂದು ಪರೀಕ್ಷೆ. ಎಂಜಿನ್ ಬಂದ್ ಇದ್ದಾಗ ಫ್ಯಾನಿನ ಎಸಳು ಹಿಡಿದು ಮುಂದೆ ಹಿಂದೆ ಅಲುಗಾಡಿಸಿ. ಹಳೆಯ ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಪಂಪಿನ ಮೂತಿಗೇ ಕೂತಿರುತ್ತದೆ. ಲಟಪಟ ಅಂದರೆ ಬೇರಿಂಗ್ ಹೋಯಿತು ಅಂತಲೇ. ಎಂಜಿನ್ ಚಾಲೂ ಇದ್ದಾಗ ಮುಂಭಾಗದಿಂದ ಗರಗರ ಶಬ್ದ ಬಂದರೂ ಅದರ ಮೇಲೇ ಅನುಮಾನ.

ಹೊರಗೆ ಎಲ್ಲೂ ಹನಿ ಇಲ್ಲ, ಆದರೂ ಗಾಡಿ ನೀರು ಕುಡಿಯುತ್ತಿದೆ ಅಂದರೆ ಹುಷಾರು. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಹಾಗೆ ಕಂಡರೆ, ಸೈಲೆನ್ಸರಿನಿಂದ ಬಿಳಿ ಹಬೆ ನಿಲ್ಲದೆ ಬಂದರೆ, ಹೆಡ್ ಗ್ಯಾಸ್ಕೆಟ್ (ಹೆಡ್ ಅಡಿಗೆ ಕೂರುವ, ಸೋರಿಕೆ ತಡೆಯುವ ಹಾಳೆ) ಹೋಗಿರಬಹುದು. ಆಗ ಹೊಸ ಪಂಪ್ ಹಾಕಿ ಉಪಯೋಗ ಇಲ್ಲ.

ಸಾಮಾನು

ಪಂಪ್ ತರುವಾಗ ಗಾಡಿಯ ಮಾಡೆಲ್, ವರ್ಷ, ಎಂಜಿನ್ ನಂಬರ್ ಬರೆದುಕೊಂಡು ಹೋಗಿ. ಆಗುವುದಾದರೆ ಹಳೆಯ ಪಂಪ್ ಬಿಚ್ಚಿಕೊಂಡೇ ಹೋಗುವುದು ಜಾಸ್ತಿ ಒಳ್ಳೆಯದು. ಬೋಲ್ಟಿನ ತೂತು, ಪುಲ್ಲಿ ಕೂರುವ ಎತ್ತರ, ಒಳಗಿನ ರೆಕ್ಕೆಚಕ್ರದ ಅಳತೆ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ. ಹೊಸದನ್ನು ಕೈಯಲ್ಲಿ ತಿರುಗಿಸಿ ನೋಡಿ. ತಡೆತಡೆದು ತಿರುಗಬಾರದು, ಅಲುಗಬಾರದು. ಪಂಪಿಗೂ ಎಂಜಿನ್ನಿಗೂ ನಡುವೆ ನೀರು ಸೋರದ ಹಾಗೆ ಕೂರಿಸುವ ತೆಳು ಹಾಳೆ, ಅಂದರೆ ಪ್ಯಾಕಿಂಗ್, ಡಬ್ಬದೊಳಗೇ ಇದೆಯಾ ಅಂತ ಅಂಗಡಿಯಲ್ಲೇ ತೆರೆದು ನೋಡಿ. ಬೆಲ್ಟಿನ ಒಳಮೈ ಬಿರುಕು ಬಿಟ್ಟಿದ್ದರೆ, ಹೋಸ್ ಒತ್ತಿದಾಗ ಕರಕರ ಅಂದರೆ ಅವನ್ನೂ ಈಗಲೇ ಹೊಸದು ತನ್ನಿ. ಹೇಗೂ ಬಿಚ್ಚುತ್ತೀರಿ ಅಲ್ವಾ?

ಕರಾವಳಿಯ ಗಾಡಿಯಾದರೆ ಹಿಂದಿನ ರಾತ್ರಿಯೇ ಪಂಪಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಕಾರವಾರ, ಅಂಕೋಲೆಯಲ್ಲಿ ಮೀನು ಹೊತ್ತ ಗಾಡಿಗಳ ಬೋಲ್ಟುಗಳನ್ನು ಉಪ್ಪುಗಾಳಿ, ಮೀನಿನ ಉಪ್ಪುನೀರು ಎರಡೂ ತಿಂದಿರುತ್ತವೆ. ಬೆಳಿಗ್ಗೆ ಬಂದು ಒಮ್ಮೆಲೇ ಬಲ ಹಾಕಿದರೆ ತಲೆ ಕಿತ್ತು ಬರುತ್ತದೆ.

ಬಿಚ್ಚುವುದು

ಗಾಡಿ ಸಮನೆಲದಲ್ಲಿರಲಿ. ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ, ಬ್ಯಾಟರಿಯ ನೆಗೆಟಿವ್ ವಯರ್ ಬಿಚ್ಚಿ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮುಚ್ಚಳ ಹಾಕಿದ ರೇಡಿಯೇಟರಿನಲ್ಲಿ ಒತ್ತಡ ಇರುತ್ತದೆ, ಹಾಗಾಗಿ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕೂತಿರುತ್ತದೆ. ಮುಚ್ಚಳ ತೆಗೆದ ಕ್ಷಣ ಅದು ಉಕ್ಕಿ ಕುದಿದು, ಹಬೆ ಮತ್ತು ಕುದಿನೀರು ಮುಖಕ್ಕೆ ಹಾರುತ್ತದೆ. ಬಟ್ಟೆ ಹಿಡಿದು ತೆಗೆದರೂ ಅಷ್ಟೇ.

ಅಡಿಗೆ ಅಗಲದ ಬೋಗುಣಿ ಇಟ್ಟು ರೇಡಿಯೇಟರಿನ ಕೆಳಗಿನ ಕಾಕ್ ತಿರುಗಿಸಿ. ಅದು ಜಾಮ್ ಆಗಿದ್ದರೆ ಬಲ ಹಾಕಬೇಡಿ, ಕೆಳಗಿನ ಹೋಸ್ ಬಿಚ್ಚಿ. ಎಷ್ಟು ಲೀಟರ್ ಬಂತು ಅಂತ ಅಳೆದಿಟ್ಟುಕೊಳ್ಳಿ, ತುಂಬುವಾಗ ಬೇಕಾಗುತ್ತದೆ. ಕೂಲಂಟ್ (ಎಂಜಿನ್ ತಣಿಸಲು ನೀರಿಗೆ ಬೆರೆಸುವ ದ್ರವ) ಇದ್ದ ನೀರಾದರೆ ಅಂಗಳಕ್ಕೋ ತೋಟದ ಕಾಲುವೆಗೋ ಬಿಡಲೇಬೇಡಿ. ಅದು ರುಚಿಗೆ ಸಿಹಿ, ಹೊಟ್ಟೆಗೆ ವಿಷ. ನಾಯಿ, ಬೆಕ್ಕು, ಕರು ನೆಕ್ಕಿದರೆ ಉಳಿಯುವುದು ಕಷ್ಟ. ಕ್ಯಾನಿಗೆ ತುಂಬಿ ಮುಚ್ಚಿಡಿ.

ಬೆಲ್ಟ್ ತೆಗೆಯುವ ಮೊದಲೇ ಫ್ಯಾನ್ ಮತ್ತು ಪುಲ್ಲಿಯ ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲ ಮಾಡಿ. ಬೆಲ್ಟ್ ಬಿಗಿ ಇದ್ದಾಗ ಪುಲ್ಲಿ ತಿರುಗದೆ ನಿಲ್ಲುತ್ತದೆ. ಬೆಲ್ಟ್ ತೆಗೆದ ಮೇಲೆ ಪಾನಾ ಹಾಕಿದರೆ ಪುಲ್ಲಿಯೂ ಜೊತೆಗೇ ಸುತ್ತುತ್ತಿರುತ್ತದೆ. ಕೆಲವು ಗಾಡಿಗಳಲ್ಲಿ ಫ್ಯಾನ್ ಒಂದೇ ದೊಡ್ಡ ನಟ್ಟಿನಲ್ಲಿ ಕೂತಿರುತ್ತದೆ. ಅದು ಎಡ ತಿರುವಿನದ್ದು, ಅಂದರೆ ಉಲ್ಟಾ ತಿರುಗಿಸಿ ಬಿಚ್ಚುವಂಥದ್ದು, ಆಗಿರಬಹುದು, ಗಾಡಿಯ ಪುಸ್ತಕ ನೋಡಿಕೊಂಡು ತಿರುಗಿಸಿ. ಆಮೇಲೆ ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಬೋಲ್ಟ್ ಸಡಿಲಿಸಿ ಒಳಗೆ ದೂಡಿದರೆ ಬೆಲ್ಟ್ ಕೈಗೆ ಬರುತ್ತದೆ. ಫ್ಯಾನ್ ಹೊರಗೆ ತೆಗೆಯುವಾಗ ರೇಡಿಯೇಟರಿಗೆ ಅಡ್ಡಲಾಗಿ ರಟ್ಟು ಇಡಿ. ಒಂದು ಎಸಳು ತಾಗಿದರೂ ಆ ತೆಳು ಜಾಲರಿ ಮಡಚುತ್ತದೆ.

ಹೋಸ್ ಪೈಪುಗಳನ್ನು ಎಳೆಯಬೇಡಿ, ತಿರುಚಿ ಬಿಡಿಸಿ.

ಪಂಪಿನ ಬೋಲ್ಟುಗಳ ಉದ್ದ ಬೇರೆ ಬೇರೆ ಇರುತ್ತದೆ. ನಾನು ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಚುಚ್ಚಿಟ್ಟೆ. ಉದ್ದದ ಬೋಲ್ಟ್ ಗಿಡ್ಡದರ ಜಾಗಕ್ಕೆ ಹೋದರೆ ತಳ ಮುಟ್ಟಿ, ಬಿಗಿಯಾದ ಹಾಗೆ ಅನಿಸುತ್ತದೆ. ಪ್ಯಾಕಿಂಗ್ ಮಾತ್ರ ಒತ್ತಿಯೇ ಇರುವುದಿಲ್ಲ. ಬಿಗಿದ ಬೋಲ್ಟ್ ಬಿಡದಿದ್ದರೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಹೀಗೆ ಆಚೀಚೆ ಮಾಡುತ್ತಾ ಎಣ್ಣೆ ಹಾಕುತ್ತಾ ತೆಗೆಯಿರಿ. ಒಂದು ವೇಳೆ ಮುರಿದೇ ಹೋದರೆ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್ ಕರೆಸಿ.

ಬೋಲ್ಟ್ ಎಲ್ಲ ಬಂದರೂ ಪಂಪ್ ಅಂಟಿಕೊಂಡೇ ಇರುತ್ತದೆ. ಮರದ ಕೊಡತಿಯಿಂದ ಬದಿಗೆ ಮೆಲ್ಲಗೆ ತಟ್ಟಿ. ಸಂದಿಗೆ ಸ್ಕ್ರೂಡ್ರೈವರ್ ತುರುಕಬೇಡಿ. ಅಲ್ಲಿ ಬಿದ್ದ ಗೀರಿನಲ್ಲೇ ನಾಳೆ ನೀರು ಸೋರುತ್ತದೆ.

ನಮ್ಮ ಪಂಪ್ ಕೈಗೆ ಬಂದಾಗ ನನಗೆ ನಿಜಕ್ಕೂ ಬೇಸರವಾಯಿತು. ಒಳಗಿನ ಕಬ್ಬಿಣದ ರೆಕ್ಕೆಗಳ ಅಂಚು ಇಲಿ ಕಡಿದ ಹಾಗೆ ಸವೆದಿತ್ತು. ಎರಡು ರೆಕ್ಕೆ ಅರ್ಧವೇ ಇರಲಿಲ್ಲ. ಬೆರಳು ಒರೆಸಿದರೆ ಕೆಂಪು ರಾಡಿ. ವರ್ಷಗಟ್ಟಲೆ ನಾನು ಅದಕ್ಕೆ ಹಾಕಿದ್ದು ಸುಮ್ನೆ ಬಾವಿಯ ನೀರು.

ಪ್ಯಾಕಿಂಗ್ ಕೂರಿಸುವುದು

ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದೇ. ಎಂಜಿನ್ ಮೈಯ ತೂತಿಗೆ ಬಟ್ಟೆ ತುರುಕಿ, ಚೂರು ಒಳಗೆ ಬೀಳದ ಹಾಗೆ. ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಕೆರೆದು ತೆಗೆಯಿರಿ. ಬ್ಲೇಡ್ ನೆಟ್ಟಗೆ ಹಿಡಿಯಬೇಡಿ, ಮೈಗೆ ಮಲಗಿಸಿ ಹಿಡಿಯಿರಿ. ಕೆರೆದಾದ ಮೇಲೆ ಕಣ್ಣು ಮುಚ್ಚಿ ಉಗುರು ಆಡಿಸಿ. ಉಗುರು ಎಲ್ಲಾದರೂ ತಡೆದರೆ ಇನ್ನೂ ಅಂಟಿದೆ ಅಂತ ಲೆಕ್ಕ. ನನಗೆ ಇದಕ್ಕೇ ಮುಕ್ಕಾಲು ತಾಸು ಹಿಡಿಯಿತು. ಕೊನೆಗೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಣಗಲು ಬಿಡಿ.

ಪಂಪ್ ಹೊರಗಿರುವಾಗಲೇ ರೇಡಿಯೇಟರಿಗೆ ಕೆಳಗಿನ ಬಾಯಿಯಿಂದ ಪೈಪಿನಲ್ಲಿ ನೀರು ಬಿಟ್ಟು ತೊಳೆಯಿರಿ. ಕೆಂಪು ನೀರು ತಿಳಿಯಾಗುವವರೆಗೂ ಬಿಡಿ.

ಪ್ಯಾಕಿಂಗಿಗೆ ಸೀಲಂಟ್ ಬೇಕೇ ಬೇಕು ಅಂತಿಲ್ಲ. ಹಚ್ಚುವುದಾದರೆ ತೆಳುವಾಗಿ ಹಚ್ಚಿ. ಜಾಸ್ತಿ ಹಚ್ಚಿದರೆ ಒಳಗೆ ಉಕ್ಕಿದ ಅಂಟು ಕಿತ್ತು ಹೋಗಿ ರೇಡಿಯೇಟರಿನ ಸಣ್ಣ ನಾಳದಲ್ಲಿ ಕೂರುತ್ತದೆ. ಪಂಪ್ ಕೂರಿಸಿ, ಎಲ್ಲ ಬೋಲ್ಟನ್ನೂ ಮೊದಲು ಕೈಬೆರಳಲ್ಲೇ ತಿರುಗಿಸಿ. ನೀರಿನ ಕೋಣೆಯವರೆಗೆ ಹೋಗುವ ಬೋಲ್ಟ್ ಇದ್ದರೆ ಅದರ ತಿರುಪಿನ ಎಳೆಗೆ ಸ್ವಲ್ಪ ಸೀಲಂಟ್ ಹಚ್ಚಿ. ಆಮೇಲೆ ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ, ಚಕ್ರದ ನಟ್ಟು ಬಿಗಿದ ಹಾಗೆ. ಬಿಗಿಯ ಅಳತೆ ಗಾಡಿಯ ಪುಸ್ತಕದಲ್ಲಿರುತ್ತದೆ. ಇವು ಸಣ್ಣ ಬೋಲ್ಟು, ಮೈಬಲ ಹಾಕಿದರೆ ಎಳೆ ಹೋಗುತ್ತದೆ.

ಪುಲ್ಲಿ, ಫ್ಯಾನ್, ಬೆಲ್ಟ್, ಹೋಸ್ ಎಲ್ಲ ಬಿಚ್ಚಿದ ಉಲ್ಟಾ ಕ್ರಮದಲ್ಲಿ. ಬೆಲ್ಟಿನ ಉದ್ದದ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದಾಗ ಸುಮಾರು 10 ಮಿಲಿಮೀಟರ್ ಬಗ್ಗಬೇಕು. ತಂತಿಯ ಹಾಗೆ ಬಿಗಿದರೆ ಹೊಸ ಪಂಪಿನ ಬೇರಿಂಗೇ ಬೇಗ ಹೋಗುತ್ತದೆ.

ನೀರಲ್ಲ, ಕೂಲಂಟ್

"ನಮ್ಮಲ್ಲೇನು ಹಿಮ ಬೀಳುತ್ತಾ? ಕೂಲಂಟ್ ಯಾಕೆ?" ಈ ಮಾತನ್ನು ಶಿರಸಿ ಪೇಟೆಯಲ್ಲೂ ಕೇಳಿದ್ದೇನೆ, ಕಾರವಾರದಲ್ಲೂ ಕೇಳಿದ್ದೇನೆ. ನಾನೂ ಹಾಗೇ ನಂಬಿದ್ದೆ. ಕೂಲಂಟ್ ಇರುವುದು ಬರೀ ಚಳಿಗಲ್ಲ. ಅದರಲ್ಲಿ ತುಕ್ಕು ತಡೆಯುವ ಮದ್ದು ಇದೆ, ಕುದಿಯುವ ಮಟ್ಟವನ್ನೂ ಅದು ಮೇಲೆ ಒಯ್ಯುತ್ತದೆ. ಘಟ್ಟದ ಮೇಲೆ ನಮ್ಮದು ಚಿರೆಕಲ್ಲಿನ ನೆಲ, ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ. ಘಟ್ಟದ ಕೆಳಗೆ ಬೇಸಿಗೆಯಲ್ಲಿ ಎಷ್ಟೋ ಬಾವಿಗಳ ನೀರು ಸವಳಾಗುತ್ತದೆ. ಎರಡೂ ಎಂಜಿನ್ನಿಗೆ ಒಳ್ಳೆಯದಲ್ಲ. ಗಟ್ಟಿ ಕೂಲಂಟ್ ಆದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಬೆರೆಸಿಯೇ ಬಂದ ಡಬ್ಬವಾದರೆ ಹಾಗೇ ಹಾಕಿ. ಎರಡು ಬೇರೆ ಬಗೆಯ ಕೂಲಂಟ್ ಕೂಡಿಸಬೇಡಿ.

ತುಂಬುವಾಗ ಗಾಳಿ ಉಳಿದರೆ ಮತ್ತೆ ಹೀಟ್ ಆಗುತ್ತದೆ. ಆಗ ಎಷ್ಟೋ ಜನ ಹೊಸ ಪಂಪಿಗೇ ಬೈಯುತ್ತಾರೆ. ಬ್ಯಾಟರಿ ವಯರ್ ಜೋಡಿಸಿ, ಗಾಡಿಯ ಮೂತಿ ಮೇಲಿರುವ ಹಾಗೆ ದಿಬ್ಬದಲ್ಲಿ ನಿಲ್ಲಿಸಿ. ಮಲೆನಾಡಿನಲ್ಲಿ ದಿಬ್ಬಕ್ಕೇನು ಬರವಿಲ್ಲ. ನಿಧಾನ ಹೊಯ್ಯಿರಿ, ನಡುನಡುವೆ ಮೇಲಿನ ಹೋಸನ್ನು ಹಿಂಡಿ. ಗುಳುಗುಳು ಅಂತ ಗಾಳಿ ಬರುತ್ತದೆ. ತುಂಬಿದ ಮೇಲೆ ಮುಚ್ಚಳ ಹಾಕದೆ ಎಂಜಿನ್ ಚಾಲೂ ಮಾಡಿ, ಮುಖ ದೂರ ಇಡಿ. ಹೀಟರ್ ಇದ್ದರೆ ಪೂರ್ತಿ ಬಿಸಿಗೆ ತಿರುಗಿಸಿ. ಸುಮಾರು 80 ಡಿಗ್ರಿಯ ಆಸುಪಾಸಿಗೆ ಥರ್ಮೋಸ್ಟಾಟ್ (ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಬಿಡದ ಕವಾಟ) ತೆರೆದುಕೊಳ್ಳುತ್ತದೆ. ಅಲ್ಲಿಯವರೆಗೆ ಹೆಚ್ಚು ಬಿಸಿ ಇಲ್ಲದ ಮೇಲಿನ ಹೋಸ್ ಒಮ್ಮೆಲೇ ಕಾಯುತ್ತದೆ, ರೇಡಿಯೇಟರಿನ ಮಟ್ಟ ಇಳಿಯುತ್ತದೆ. ಮತ್ತೆ ಹೊಯ್ಯಿರಿ. ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಿ.

ಥರ್ಮೋಸ್ಟಾಟನ್ನೇ ಕಿತ್ತು ಬಿಸಾಕಿ, ಗಾಡಿ ತಣ್ಣಗಿರುತ್ತದೆ ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಎಂಜಿನ್ ಬೇಕಾದಷ್ಟು ಕಾಯದಿದ್ದರೆ ಡೀಸೆಲ್ ಜಾಸ್ತಿ ತಿನ್ನುತ್ತದೆ, ಬೇಗ ಸವೆಯುತ್ತದೆ.

ಮೊದಲ ದಿನವೇ ಲೋಡ್ ಹಾಕಿ ಘಟ್ಟ ಇಳಿಯಬೇಡಿ. ಊರೊಳಗೆ ನಾಲ್ಕಾರು ಕಿಲೋಮೀಟರ್ ಓಡಿಸಿ, ತಣಿಸಿ, ಮಟ್ಟ ನೋಡಿ, ರಟ್ಟನ್ನು ಮತ್ತೆ ಅಡಿಗೆ ಹಾಸಿಡಿ. ಹೊಸ ಸೀಲ್ ಹೊಂದಿಕೊಳ್ಳುವವರೆಗೆ ಆ ಸಣ್ಣ ತೂತಿನಿಂದ ಒಂದೆರಡು ಹನಿ ಬರಬಹುದು, ಆಮೇಲೆ ನಿಲ್ಲಬೇಕು. ವಾರ ಕಳೆದ ಮೇಲೆ ಬೆಲ್ಟಿನ ಬಿಗಿ ಇನ್ನೊಮ್ಮೆ ನೋಡಿ, ಹೊಸ ಬೆಲ್ಟ್ ಸ್ವಲ್ಪ ಹಿಗ್ಗಿರುತ್ತದೆ. ಕೂಲಂಟ್ ಡಬ್ಬದ ಮೇಲೆ ಎಷ್ಟು ಕಾಲಕ್ಕೆ ಬದಲಿಸಬೇಕು ಅಂತ ಬರೆದಿರುತ್ತದೆ. ನಾನು ಹಾಕಿದ ತಿಂಗಳು, ವರ್ಷವನ್ನು ಬಿಳಿ ಪೇಂಟಿನಲ್ಲಿ ಬಾನೆಟ್ ಒಳಮೈಗೆ ಬರೆದಿಟ್ಟಿದ್ದೇನೆ. ಆಯಿಲ್ ನೋಡಲು ಎತ್ತಿದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.