ಕಾಡುಪಾಪದ ರಿಜಿಸ್ಟರು

ಅಕ್ಟೋಬರ್ ಮೊದಲ ವಾರ ಬಂತೆಂದರೆ ಶಾಲೆಗಳಲ್ಲಿ ವನ್ಯಜೀವಿ ಸಪ್ತಾಹ. ಚಿತ್ರ ಬರೆಯುವ ಸ್ಪರ್ಧೆ, ಪ್ರಬಂಧ, ಊರ ಬೀದಿಯಲ್ಲಿ ಒಂದು ಜಾಥಾ. ನಮ್ಮ ಮಕ್ಕಳು ಚೆನ್ನಾಗಿಯೇ ಬರೆಯುತ್ತಿದ್ದರು. ಆದರೆ ಬರೆದದ್ದೆಲ್ಲ ಹುಲಿ, ಸಿಂಹ, ಆನೆ. ತುಮಕೂರು ಸೀಮೆಯ ನಮ್ಮ ಹಳ್ಳಿಯಲ್ಲಿ ಸಿಂಹ ಕಂಡವರು ಯಾರಿದ್ದಾರೆ? ಶಾಲೆಯ ಹಿಂದಿನ ಹುಣಸೆ ತೋಪಿನಲ್ಲೇ ಓಡಾಡಿಕೊಂಡಿರುವ ಕಾಡುಪಾಪ ಮಾತ್ರ ಒಂದು ಹಾಳೆಯಲ್ಲೂ ಕಾಣುತ್ತಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ನಾನು ಅದರಿಂದಲೇ ಶುರು ಮಾಡೋಣ ಎಂದುಕೊಂಡೆ.

ಕಾಡುಪಾಪ ನೋಡದವರಿಗೆ ಎರಡು ಮಾತು. ಕೋತಿಗಳ ದೂರದ ನೆಂಟ. ಕಾಲು ಕಿಲೋ ಆಸುಪಾಸಿನ ತೂಕ, ಕಡ್ಡಿಯಂಥ ಕೈಕಾಲು, ಮುಖದ ತುಂಬ ಕಣ್ಣು, ಬಾಲ ಇಲ್ಲವೆಂದೇ ಹೇಳಬೇಕು. ಹಗಲೆಲ್ಲ ದಟ್ಟ ಪೊದೆಯಲ್ಲೋ ಕೊಂಬೆಗಳ ಸಂದಿಯಲ್ಲೋ ಮುದುರಿ ಮಲಗಿ, ಕತ್ತಲಾದ ಮೇಲೆ ಇರುವೆ, ಜೀರುಂಡೆ ಹುಡುಕುತ್ತ ಹೊರಡುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅಂದರೆ ಹುಲಿಗೆ ಇರುವಷ್ಟೇ ರಕ್ಷಣೆ ಕಾನೂನಿನ ಪ್ರಕಾರ ಇದಕ್ಕೂ ಉಂಟು. ಇದನ್ನು ಹೇಳಿದ ದಿನ ತರಗತಿ ಒಂದು ಕ್ಷಣ ಸುಮ್ಮನಾಯಿತು. ನಮ್ಮೂರಲ್ಲೂ ಹುಲಿಯಷ್ಟು ದೊಡ್ಡ ಪ್ರಾಣಿ ಇದೆ ಎಂದು ಮಕ್ಕಳಿಗೆ ಅನ್ನಿಸಿದ್ದು ಆಗಲೇ ಇರಬೇಕು.

ಮೊದಲು ಕೊಟ್ಟ ಕೆಲಸ, ಮನೆಯ ಹಿರಿಯರನ್ನು ಕೇಳಿಕೊಂಡು ಬರುವುದು. ಬಂದ ಉತ್ತರಗಳನ್ನು ತಿದ್ದದೆ ಬೋರ್ಡಿನ ಮೇಲೆ ಬರೆದೆವು. 'ಅದು ಕೂಗಿದ್ರೆ ಮನೆಗೆ ಕೇಡು.' 'ಅದ್ರ ಕಣ್ಣು ಔಷಧಿಗೆ ಆಯ್ತದಂತೆ.' 'ಮಾಟ ಮಾಡೋರು ಹಿಡ್ಕಂಡು ಓಯ್ತಾರೆ.' ನಡುವೆ ಒಬ್ಬ ತಾತ ಹೇಳಿ ಕಳಿಸಿದ ಮಾತು ಬೇರೆಯೇ ಇತ್ತು: 'ಮುಂಚೆ ಕಳ್ಳಿಬೇಲಿ ತುಂಬ ಇರವು. ಈಗ ಬೇಲಿನೇ ಇಲ್ವಲ್ಲಪ್ಪ.' ಅಜ್ಜಿಯ ಮಾತು ಸುಳ್ಳು ಎಂದು ಮಕ್ಕಳ ಮುಂದೆ ಹೇಳುವುದು ನನಗೆ ಬೇಕಿರಲಿಲ್ಲ. ಹಾಗೆ ಹೇಳಿದರೆ ಮಗು ಮನೆ ಮತ್ತು ಶಾಲೆಯ ನಡುವೆ ಸಿಕ್ಕಿಕೊಳ್ಳುತ್ತದೆ, ಮಾತು ಅಲ್ಲಿಗೇ ಮುಗಿಯುತ್ತದೆ. ಅದರ ಬದಲು, ಕಣ್ಣು ಅಷ್ಟು ದೊಡ್ಡದಾಗಿ ಏಕಿದೆ, ಟಾರ್ಚ್ ಬಿಟ್ಟರೆ ಕೆಂಡದ ಬಣ್ಣದಲ್ಲಿ ಏಕೆ ಹೊಳೆಯುತ್ತದೆ ಎಂದು ಕೇಳಿದೆ. ಕಣ್ಣಿನ ಹಿಂಭಾಗದ ಪದರವೊಂದು ಒಳಬಂದ ಬೆಳಕನ್ನು ತಿರುಗಿಸಿ ಕಳಿಸುತ್ತದೆ ಎಂದು ತಿಳಿದ ಮಕ್ಕಳು ಮನೆಗೆ ಹೋಗಿ ಅಜ್ಜಿಯಂದಿರಿಗೆ ಪಾಠ ಮಾಡಿದರು. ಮುಂದೆ ಎರಡು ಮನೆಯ ಅಜ್ಜಿಯರು 'ನಮ್ಮ ತೋಟದ ಹೊಂಗೆಮರದಾಗೆ ಬಂದೈತೆ' ಎಂದು ಹೇಳಿ ಕಳಿಸುವಷ್ಟಾಯಿತು.

ರಾತ್ರಿ ಮಕ್ಕಳನ್ನು ಹೊರಗೆ ಕರೆದೊಯ್ಯುವುದು ಸಣ್ಣ ಜವಾಬ್ದಾರಿಯಲ್ಲ. ಅರಣ್ಯ ಇಲಾಖೆಗೆ ಪತ್ರ, ಮುಖ್ಯ ಶಿಕ್ಷಕರ ಅನುಮತಿ, ಪೋಷಕರ ಸಭೆ, ಇಷ್ಟೂ ಮುಗಿದ ಮೇಲೆಯೇ ಹೊರಟಿದ್ದು. ಒಂದು ಸಲಕ್ಕೆ ಐದಾರು ಮಕ್ಕಳು, ಜೊತೆಗೆ ಕನಿಷ್ಠ ಇಬ್ಬರು ಪೋಷಕರು. ಊರ ರಸ್ತೆ ಬಿಟ್ಟು ತೋಟಕ್ಕೆ ಇಳಿಯುವಂತಿಲ್ಲ. ಚಪ್ಪಲಿ ನಡೆಯುವುದಿಲ್ಲ, ಕಾಲು ಮುಚ್ಚುವ ಶೂ ಬೇಕು. ಹಾವುಗಳು ಓಡಾಡುವ ಹೊತ್ತು ಅದು. ಚಿರತೆ ಕಂಡ ಸುದ್ದಿ ಬಂದ ವಾರ ಹೋಗುವುದೇ ಇಲ್ಲ. ಒಂಬತ್ತು ಗಂಟೆಯೊಳಗೆ ಎಲ್ಲರೂ ಮನೆ ಸೇರಿರಬೇಕು. ಟಾರ್ಚಿನ ಗಾಜಿಗೆ ಕೆಂಪು ಜಿಲೇಟಿನ್ ಪೇಪರ್ ಎರಡು ಸುತ್ತು ಕಟ್ಟಿ ರಬ್ಬರ್ ಬ್ಯಾಂಡ್ ಹಾಕುತ್ತೇವೆ. ಬಿಳಿ ಬೆಳಕು ಅಷ್ಟು ದೊಡ್ಡ ಕಣ್ಣಿಗೆ ಹಿಂಸೆ. ಕೆಂಪು ಬೆಳಕಿಗೆ ಅದು ಅಷ್ಟಾಗಿ ಬೆದರುವುದಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೂ ಕಾಡುಪಾಪಗಳಿವೆ. ನಗರದಲ್ಲಿ ಅವನ್ನು ಲೆಕ್ಕ ಹಾಕಲು ಹೋಗುವ ಸ್ವಯಂಸೇವಕರು ಬಳಸುವುದೂ ಕೆಂಪು ಬೆಳಕನ್ನೇ.

ಮಕ್ಕಳ ಕಣ್ಣು ನನ್ನ ಕಣ್ಣಿಗಿಂತ ಚುರುಕು. ಜೇಡದ ಕಣ್ಣು ಚುಕ್ಕಿಯಂತೆ ಮಿನುಗುತ್ತದೆ, ಬೆಕ್ಕಿನದು ಹಸಿರು. ಜೋಡಿಯಾಗಿ, ಹತ್ತಿರ ಹತ್ತಿರ, ಕಿತ್ತಳೆ ಬಣ್ಣದಲ್ಲಿ ಹೊಳೆದು ನಿಧಾನವಾಗಿ ಸರಿದರೆ ಕಾಡುಪಾಪ. ಇದನ್ನು ಅವರೇ ಬೇಗ ಕಂಡುಕೊಂಡರು.

ಕಂಡದ್ದನ್ನು ಬರೆಯಲು ಹಾಜರಿ ಪುಸ್ತಕದಂಥ ಉದ್ದನೆಯ ರಿಜಿಸ್ಟರು ತಂದೆ. ತಾರೀಖು, ಹೊತ್ತು, ಯಾವ ಮರ, ನೆಲದಿಂದ ಎಷ್ಟು ಎತ್ತರ, ಎಷ್ಟು ಪ್ರಾಣಿ, ಏನು ಮಾಡುತ್ತಿತ್ತು. ಏನೂ ಕಾಣದ ರಾತ್ರಿಯೂ 'ಕಾಣಲಿಲ್ಲ' ಎಂದು ಬರೆಯಲೇಬೇಕು. ಈ ಒಂದು ನಿಯಮಕ್ಕೆ ಮಕ್ಕಳನ್ನು ಒಗ್ಗಿಸಲು ಬಹಳ ಹೊತ್ತು ಹಿಡಿಯಿತು. ಕಾಣದ ದಿನ ಸೋತಂತೆ ಎಂಬುದು ಅವರ ಲೆಕ್ಕ. ಆದರೆ ಕಂಡದ್ದನ್ನಷ್ಟೇ ಬರೆದಿಟ್ಟರೆ, ಮುಂದೆ ಕಡಿಮೆಯಾಯಿತೋ ಹೆಚ್ಚಾಯಿತೋ ಹೇಳುವುದು ಹೇಗೆ?

ಒಂದು ರಾತ್ರಿ ರಸ್ತೆ ಬದಿಯ ಹೊಂಗೆಮರದಲ್ಲಿ ಕಾಡುಪಾಪವೊಂದು ಕೊಂಬೆಯ ತುದಿಗೆ ಬಂತು. ಹಿಂಗಾಲುಗಳಿಂದ ಕೊಂಬೆಯನ್ನು ಬಿಗಿಯಾಗಿ ಹಿಡಿದು, ಮೈಯನ್ನು ಪೂರ್ತಿ ಚಾಚಿ, ಆಚೆ ಮರದ ಎಲೆಗೆ ಕೈ ನೀಡಿತು. ಒಂದು ಗೇಣು ಸಾಲಲಿಲ್ಲ. ವಿದ್ಯುತ್ ತಂತಿಗೆ ತಾಗುತ್ತದೆಂದು ಆ ಕೊಂಬೆಯನ್ನು ಸ್ವಲ್ಪ ದಿನದ ಹಿಂದೆ ಕಡಿದಿದ್ದರು. ಕಾಡುಪಾಪ ಕೋತಿಯಂತೆ ನೆಗೆಯುವ ಪ್ರಾಣಿಯಲ್ಲ, ಕೈಗೆ ಸಿಕ್ಕ ಕೊಂಬೆ ಹಿಡಿದೇ ದಾಟಬೇಕು. ಎರಡು ಸಲ ಕೈ ಚಾಚಿ ನೋಡಿತು. ಆಮೇಲೆ ಹಿಂದಿರುಗಿ ಬುಡದವರೆಗೆ ಇಳಿದು, ಡಾಂಬರು ರಸ್ತೆಯ ಮೇಲೆ ತಡವರಿಸುತ್ತ ಆಚೆಗೆ ನಡೆಯಿತು. ಜೊತೆಗಿದ್ದ ಪೋಷಕರೊಬ್ಬರು ರಸ್ತೆಯ ನಡುವೆ ನಿಂತು ಬರುತ್ತಿದ್ದ ಬೈಕನ್ನು ತಡೆದರು. ಎಂಟನೇ ತರಗತಿಯ ಹುಡುಗಿ ರಿಜಿಸ್ಟರಿನಲ್ಲಿ ಬರೆದದ್ದು ಇಷ್ಟು: 'ಕೊಂಬೆ ಸಾಲಲಿಲ್ಲ. ನೆಲಕ್ಕೆ ಇಳಿಯಿತು.'

ಕೆಲಸದ ದಾರಿ ತಿರುಗಿದ್ದು ಆ ಸಾಲಿನಿಂದ. ಕಾಡುಪಾಪ ಎಲ್ಲಿದೆ ಎಂದು ಹುಡುಕುತ್ತಿದ್ದ ಮಕ್ಕಳು ಅದರ ದಾರಿ ಎಲ್ಲೆಲ್ಲಿ ತುಂಡಾಗಿದೆ ಎಂದು ಹುಡುಕತೊಡಗಿದರು. ಇದು ಹಗಲಿನ ಕೆಲಸ, ಆದ್ದರಿಂದ ರಾತ್ರಿ ಬರಲು ಮನೆಯಲ್ಲಿ ಒಪ್ಪದ ಹೆಣ್ಣುಮಕ್ಕಳೂ ಸೇರಿಕೊಂಡರು. ಶಾಲೆಯಿಂದ ಕೆರೆ ಏರಿಯವರೆಗೆ ಒಂದೊಂದು ಮರವನ್ನೂ ಗುರುತು ಹಾಕಿ, ಕೊಂಬೆ ಕೂಡಿರುವ ಕಡೆ ಹಸಿರು ಗೆರೆ, ತಪ್ಪಿದ ಕಡೆ ಕೆಂಪು ಗೆರೆ ಎಳೆದ ನಕ್ಷೆ ತಯಾರಾಯಿತು.

ನಮ್ಮ ಗ್ರಾಮ ಪಂಚಾಯ್ತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಸಾಮಾನ್ಯವಾಗಿ ಅಲ್ಲಿ ಬರುವುದು ಶೌಚಾಲಯ, ಆಟದ ಮೈದಾನ, ಬಸ್ಸಿನ ಮಾತು. ಮಕ್ಕಳು ನಕ್ಷೆ, ರಿಜಿಸ್ಟರು ಎರಡನ್ನೂ ಮೇಜಿನ ಮೇಲೆ ಬಿಚ್ಚಿಟ್ಟರು. 'ಕಾಡು ಉಳಿಸಿ' ಎಂದಿದ್ದರೆ ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸುತ್ತಿದ್ದರು. ಇವರು ಕೇಳಿದ್ದು, 'ಈ ಮರದಿಂದ ಈ ಮರಕ್ಕೆ ದಾರಿ ಬೇಕು, ಕೊಂಬೆ ಕಡಿಯೋ ಮುಂಚೆ ಸ್ಕೂಲಿಗೆ ತಿಳಿಸಿ.' ಪಿಡಿಒ ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಆ ಭಾಗದ ಲೈನ್‌ಮನ್ ಈಗ ಬರುವ ಮುಂಚೆ ಹೇಳುತ್ತಾರೆ. ತಂತಿಗೆ ತಾಗುವಷ್ಟನ್ನು ಮಾತ್ರ ತೆಗೆದು, ತಂತಿಯಿಂದ ದೂರದ ಮಗ್ಗುಲಿನ ಕೊಂಬೆ ಉಳಿಸುತ್ತಾರೆ. ಎಲ್ಲ ಕಡೆಯೂ ಹೀಗೆ ಆಗಿಲ್ಲ. ಎರಡು ಕೆಂಪು ಗೆರೆಗಳ ಜಾಗದಲ್ಲಿ ಮಕ್ಕಳು ನೆಟ್ಟ ಹೊಂಗೆ ಸಸಿಗಳು ಇನ್ನೂ ಸೊಂಟದೆತ್ತರ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ಜಾಗದ ಹೆಸರು ಹಾಕಿ ಫೋಟೋ, ವಿಡಿಯೊ ಎಲ್ಲೂ ಹಂಚುವಂತಿಲ್ಲ. ಕಾಡುಪಾಪವನ್ನು ಹಿಡಿಯಲು ಬರುವವರು ಇಂದಿಗೂ ಇದ್ದಾರೆ, ಅವರ ಬಳಿಯೂ ಮೊಬೈಲ್ ಇದೆ. ಮುಟ್ಟುವುದು, ಎತ್ತಿಕೊಳ್ಳುವುದು, ಮರ ಅಲುಗಿಸುವುದು ಸುತರಾಂ ಇಲ್ಲ. ಗಾಯಗೊಂಡದ್ದು ಕಂಡರೆ ದೂರ ನಿಂತು ದೊಡ್ಡವರನ್ನು ಕರೆಯಬೇಕು, ದೊಡ್ಡವರು ಅರಣ್ಯ ಇಲಾಖೆಗೆ ಫೋನ್ ಮಾಡಬೇಕು.

ನಮ್ಮೂರಲ್ಲಿ ಕಾಡುಪಾಪ ಇಲ್ಲವಲ್ಲ ಎಂದು ಬೇರೆ ಶಾಲೆಯ ಶಿಕ್ಷಕರು ಕೇಳುತ್ತಾರೆ. ಬಾವಿಯ ಮೇಲಿನ ಈಚಲು ಮರದಲ್ಲಿ ಗೀಜಗ ಗೂಡು ಕಟ್ಟುವುದಿಲ್ಲವೇ? ಮೊದಲ ಮಳೆಗೆ ಕಟ್ಟೆಯಲ್ಲಿ ಕಪ್ಪೆ ವಟಗುಟ್ಟುವುದಿಲ್ಲವೇ? ಮಕ್ಕಳು ನಡೆದುಹೋಗಿ ಮತ್ತೆ ಮತ್ತೆ ನೋಡಬಹುದಾದ ಪ್ರಾಣಿಯಾದರೆ ಸಾಕು. ಬರೆದಿಟ್ಟದ್ದನ್ನು ಮುಂದಿಡಲು ಒಂದು ಜಾಗವೂ ಇರಬೇಕು, ಅದು ಪಂಚಾಯ್ತಿಯಾಗಲಿ, ತೋಟದ ಯಜಮಾನರಾಗಲಿ.

ಈ ವರ್ಷದ ಗ್ರಾಮಸಭೆಗೆ ಮಕ್ಕಳು ಬೇಲಿಯ ವಿಷಯ ಇಟ್ಟುಕೊಂಡಿದ್ದಾರೆ. ತಾತ ಹೇಳಿದ್ದು ನಿಜ ಎಂದು ರಿಜಿಸ್ಟರೇ ಹೇಳುತ್ತಿದೆ: ಕಲ್ಲುಕಂಬ, ಮುಳ್ಳುತಂತಿ ಬಂದ ಹೊಲಗಳ ಪಕ್ಕ 'ಕಾಣಲಿಲ್ಲ' ಎಂಬ ಸಾಲೇ ಹೆಚ್ಚು. ತಂತಿಯ ಒಳಮಗ್ಗುಲಿಗೆ ಕಳ್ಳಿಯನ್ನೋ ಲಕ್ಕಿಗಿಡವನ್ನೋ ಸಾಲಾಗಿ ನೆಡಲು ಇಬ್ಬರು ರೈತರು ಈಗಾಗಲೇ ಒಪ್ಪಿದ್ದಾರೆ. ಉಳಿದವರ ಮನೆಗೆ ಮಕ್ಕಳು ದಸರಾ ರಜೆಯಲ್ಲಿ ಹೋಗುವವರಿದ್ದಾರೆ.