ಹಾಡಿನ ಸಂಜೆಗೆ ಎಷ್ಟು ಡೀಸೆಲ್ ಬೇಕು?

ಕೊಪ್ಪಳ, ಗಂಗಾವತಿ ಕಡೆ ಬಯಲಲ್ಲಿ ಸಂಗೀತ ಕಾರ್ಯಕ್ರಮ ಅಂದ್ರೆ ಮಧ್ಯಾಹ್ನ ಮೂರಕ್ಕೇ ವೇದಿಕೆ ಹಿಂದೆ 125 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಜನರೇಟರ್ ಗುಡುಗಲು ಶುರು. ಗಾಯಕರು ಬರುವುದು ಏಳಕ್ಕೆ. ಅಲ್ಲಿ ತನಕ ಅದು ಓಡುವುದು ನಾಲ್ಕು ಟ್ಯೂಬ್‌ಲೈಟಿಗೆ, ಸೌಂಡ್ ಹುಡುಗರ ಫೋನ್ ಚಾರ್ಜಿಗೆ. ವೇದಿಕೆ ಮೇಲೆ ಸಸಿಗೆ ನೀರೆರೆದು ಉದ್ಘಾಟನೆ ಮಾಡುವವರೂ ಇದನ್ನೇ ಮಾಡುತ್ತಾರೆ, ನೋಡಿ ನೋಡಿ ಸಾಕಾಯಿತು.

ಕಡಿಮೆ ಡೀಸೆಲ್, ಕಡಿಮೆ ಕಸದಲ್ಲಿ ಕಾರ್ಯಕ್ರಮ ಮಾಡುವುದು ಹೀಗೆ. ಮೊದಲು ಸಮಯ. ರಾತ್ರಿ 10ರ ಮೇಲೆ ಬಯಲಲ್ಲಿ ಮೈಕಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. 6ಕ್ಕೆ ಶುರು ಮಾಡಿ, ಕೊನೆಯ ಬಸ್ಸಿಗೆ ಮುಂಚೆ ಮುಗಿಸಿ, ಆ ಬಸ್ಸಿನ ಟೈಮನ್ನು ಆಮಂತ್ರಣದಲ್ಲೇ ಹಾಕಿ. ರಾತ್ರಿಯಿಡೀ ನಡೆಯುವ ದೊಡ್ಡಾಟಕ್ಕೆ ಬಂದವರು ಬೆಳಗಿನ ತನಕ ಕೂತು ಮೊದಲ ಬಸ್ಸಿಗೆ ಹೋಗುತ್ತಿದ್ದರು, ಈಗ ಬಸ್ ತಪ್ಪುತ್ತದೆ ಅಂತ ಗೊತ್ತಾದರೆ ಎಲ್ಲರೂ ಬೈಕು, ಕಾರು ತೆಗೆಯುತ್ತಾರೆ.

ಈಗ ಕರೆಂಟು. ಎಲ್ಲರೂ ಎಡವುವುದು ಇಲ್ಲೇ. "ಎಷ್ಟು ಬೇಕು?" ಅಂತ ಸೌಂಡಿನವರನ್ನು ಕೇಳಿದರೆ ಅವರು ದೊಡ್ಡದನ್ನೇ ಹೇಳುತ್ತಾರೆ, ಬಾಡಿಗೆ ಅವರ ಜೇಬಿನದಲ್ಲ. ನೀವೇ ಪೆನ್ನು ಹಿಡಿದು ಕೂಡಿಸಿ. ಹಳೆಯ ಹ್ಯಾಲೊಜೆನ್ ಪಾರ್ ದೀಪ (ವೇದಿಕೆಗೆ ಬೆಳಕು ಬಿಡುವ ಡಬ್ಬಿ ದೀಪ) ಒಂದಕ್ಕೆ 1000 ವ್ಯಾಟ್, 24 ಹಾಕಿದರೆ 24 ಕಿಲೊವ್ಯಾಟ್, ಮೇಲೆ ಹಾಡುವವರಿಗೆ ಬೆವರು. ಅದೇ 180 ವ್ಯಾಟಿನ ಎಲ್‌ಇಡಿ ಆದರೆ 24ಕ್ಕೂ ಸೇರಿ ಸುಮಾರು 4.3 ಕಿಲೊವ್ಯಾಟ್. ಆಂಪ್ಲಿಫೈಯರ್ ಡಬ್ಬಿ ಮೇಲಿನ ದೊಡ್ಡ ಅಂಕಿ ನೋಡಿ ಹೆದರಬೇಡಿ, ಹಾಡು ನಡೆಯುವಾಗ ಅದು ಸರಾಸರಿ ಎಳೆಯುವುದು ಬಹಳ ಕಡಿಮೆ. ಸೌಂಡಿಗೆ 5, ಫ್ಯಾನು, ಕೂಲರಿಗೆ 2 ಅಂತ ಇಟ್ಟುಕೊಳ್ಳಿ. ಒಟ್ಟು ಹನ್ನೊಂದು ಚಿಲ್ಲರೆ. ಕೆವಿಎಯನ್ನು 0.8ರಿಂದ ಗುಣಿಸಿದರೆ ಕಿಲೊವ್ಯಾಟ್ ಸಿಗುತ್ತದೆ, ಅಂದರೆ 25 ಕೆವಿಎ ಜನರೇಟರ್ 20 ಕೊಡುತ್ತದೆ. ಸಾಕಲ್ವಾ? 125ರದ್ದು ತಂದರೆ ಅದು ತನ್ನ ಶಕ್ತಿಯ ಹತ್ತರಲ್ಲಿ ಒಂದು ಪಾಲಿನಲ್ಲಿ ತೆವಳುತ್ತದೆ, ಡೀಸೆಲ್ ಸರಿಯಾಗಿ ಉರಿಯದೆ ಮಸಿ ಕಟ್ಟುತ್ತದೆ, ಆ ಹೊಗೆ ಮುಂದಿನ ಸಾಲಿನ ಅಜ್ಜಂದಿರ ಮೂಗಿಗೆ. ಉರಿದ ಪ್ರತಿ ಲೀಟರ್ ಡೀಸೆಲ್ಲಿಗೆ ಸುಮಾರು 2.7 ಕೆಜಿ ಇಂಗಾಲದ ಡೈಆಕ್ಸೈಡ್.

ಇನ್ನೂ ಒಳ್ಳೆಯದು, ಮುಂಚೆಯೇ ಜೆಸ್ಕಾಂಗೆ (ಈ ಭಾಗದ ವಿದ್ಯುತ್ ಕಂಪನಿ) ಅರ್ಜಿ ಹಾಕಿ ತಾತ್ಕಾಲಿಕ ಸಂಪರ್ಕ ತಗೊಂಡು ಜನರೇಟರನ್ನು ಸುಮ್ನೆ ಪಕ್ಕಕ್ಕೆ ನಿಲ್ಲಿಸುವುದು. (ಕಂಬಕ್ಕೆ ಕೊಕ್ಕೆ ಹಾಕುವ ಶಾರ್ಟ್‌ಕಟ್ ಬೇಡವೇ ಬೇಡ. ಅದು ಕಳ್ಳತನ, ಜೀವಕ್ಕೂ ಅಪಾಯ.) ನಡುವೆ ಕರೆಂಟ್ ಹೋದರೆ? ಜನರೇಟರ್ ಶುರುವಾಗುವ ತನಕ ಸೌಂಡ್ ಹೊಂದಿಸುವ ಮಿಕ್ಸರಿಗೆ ಮಾತ್ರ ಒಂದು ಯುಪಿಎಸ್ ಕೊಡಿ. ಡಿಜಿಟಲ್ ಮಿಕ್ಸರ್ ಒಮ್ಮೆ ಆಫ್ ಆದರೆ ಮತ್ತೆ ಏಳಲು ಹೊತ್ತು ಬೇಕು, ಅಷ್ಟರಲ್ಲಿ ಜನ ಸಿಳ್ಳೆ ಹಾಕುತ್ತಾರೆ.

ಇನ್ನು ಕಸ. ಬ್ಯಾನರ್ ಬಟ್ಟೆಯದು, ಪೇಂಟರ್ ಕೈಯಲ್ಲಿ ಬರೆಸಿದ್ದು. ಫ್ಲೆಕ್ಸಿಗೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ, ಬೀದಿ ನೋಡಿದರೆ ನಂಬಲಾಗುವುದಿಲ್ಲ ಬಿಡಿ. ಮಿರ್ಚಿ-ಮಂಡಾಳಕ್ಕೆ ಮುತ್ತುಗದ ಎಲೆ.

ನೀರಿಗೆ ಮಣ್ಣಿನ ಹರವಿ, ಸ್ಟೀಲ್ ಲೋಟ. ಪೇಪರ್ ಲೋಟ ತಂದು ಪ್ಲಾಸ್ಟಿಕ್ ಬಿಟ್ಟೆವು ಅಂತ ಬೀಗಬೇಡಿ, ಅದರ ಒಳಮೈಗೆ ಪ್ಲಾಸ್ಟಿಕ್ ಪದರವೇ ಇರುತ್ತದೆ. ಪಾತ್ರೆ ಬಾಡಿಗೆಯವರ ಹತ್ತಿರ ಲೋಟ ಬೇಕಾದಷ್ಟು ಸಿಗುತ್ತವೆ. ತೊಳೆಯಲು ಮಾತ್ರ ಇಬ್ಬರಿಗೆ ಕೂಲಿ ಕೊಟ್ಟು ಕೂರಿಸಿ, ಸ್ವಯಂಸೇವಕರನ್ನು ನಂಬಬೇಡಿ. ಹಾಡು ಶುರುವಾದ ಮೇಲೆ ನಲ್ಲಿ ಹತ್ತಿರ ಒಬ್ಬರೂ ಇರುವುದಿಲ್ಲ.